ಪರ್ಮನೆಂಟ್ ಆಗುವ ಕಷ್ಟ

ಫಾರಮ್ಮು ತುಂಬುವಾಗ ಮನುಷ್ಯ ಯೋಚನೆ ಮಾಡಬಾರದು. ಇದು ನನಗೆ ಬಹಳ ತಡವಾಗಿ ತಿಳಿದ ವಿಷಯ. ಯೋಚನೆ ಮಾಡದವರು ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಂದು ಸರಸರ ಬರೆದು, ಕೆಳಗೊಂದು ಸಹಿ ಜಡಿದು, ಚಹಾ ಕುಡಿಯಲು ಎದ್ದು ಹೋಗುತ್ತಾರೆ. ನನ್ನಂಥವನು ಒಂದೊಂದು ಕಾಲಮ್ಮಿನ ಮುಂದೆಯೂ ಪೆನ್ನು ಕಚ್ಚಿಕೊಂಡು ಕೂತುಬಿಡುತ್ತಾನೆ. ನನಗೆ ಚಿಕ್ಕಂದಿನಿಂದಲೂ ಇಂಗ್ಲಿಷ್ ಶಬ್ದಗಳ ಹುಚ್ಚು. ಹುಚ್ಚೆಂದರೆ ಪಾಂಡಿತ್ಯವೆಂದು ತಿಳಿಯಬೇಡಿ. ಪಂಡಿತರಿಗೆ ಶಬ್ದದ ಅರ್ಥ ಗೊತ್ತಿರುತ್ತದೆ. ನನಗೆ ಗೊತ್ತಿರುವುದಿಲ್ಲ, ಗೊತ್ತಾಗುವವರೆಗೆ ಊಟ ಸೇರುವುದಿಲ್ಲ, ಅಷ್ಟೇ ವ್ಯತ್ಯಾಸ. ಹೈಸ್ಕೂಲಿನಲ್ಲಿ ಬಹುಮಾನವಾಗಿ ಬಂದ ದಪ್ಪ ಡಿಕ್ಷನರಿಯೊಂದು ನನ್ನ ಜೊತೆ ಮುಂಬಯಿಗೆ ಬಂದಿದೆ. ಅದರ ಮೊದಲ ಮೂವತ್ತು ಪುಟ ಹರಿದುಹೋಗಿರುವುದರಿಂದ 'ಎ' ಅಕ್ಷರದ ವಿಷಯದಲ್ಲಿ ನನ್ನ ಜ್ಞಾನ ಅಷ್ಟಕ್ಕಷ್ಟೆ. 'ಪಿ' ಮಾತ್ರ ಸಂಪೂರ್ಣವಾಗಿದೆ. ನನ್ನ ಕಷ್ಟವೆಲ್ಲ ಬಂದದ್ದು ಆ 'ಪಿ'ಯಲ್ಲಿರುವ ಪರ್ಮನೆಂಟ್ ಎಂಬ ಒಂದು ಶಬ್ದದಿಂದ.

ನಾನು ಮುಂಬಯಿಯ ಫೋರ್ಟಿನ ಒಂದು ಸರಕಾರಿ ಕಚೇರಿಯಲ್ಲಿ ಟೆಂಪರರಿ ಗುಮಾಸ್ತನಾಗಿದ್ದೆ. ಪ್ರತಿ ವರ್ಷ ಫೆಬ್ರವರಿ ಕೊನೆಗೆ ನಮ್ಮ ಹುದ್ದೆಗಳ ಆಯುಷ್ಯ ಮುಗಿಯುತ್ತಿತ್ತು. ಮಾರ್ಚಿ ಮೊದಲ ವಾರ 'ಇನ್ನೊಂದು ವರ್ಷ' ಎಂದು ಆರ್ಡರು ಬರುತ್ತಿತ್ತು. ನಡುವಿನ ಆ ನಾಲ್ಕೈದು ದಿನ ನಾವು ನೌಕರರೋ ನಿರುದ್ಯೋಗಿಗಳೋ ಎಂಬುದು ನಮಗೂ ಸರಕಾರಕ್ಕೂ ಸ್ಪಷ್ಟವಿರುತ್ತಿರಲಿಲ್ಲ. ಹೀಗೇ ನಾಲ್ಕು ವರ್ಷ ಕಳೆಯಿತು. ಇದರಿಂದ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಧಾರವಾಡದ ಗುರುರಾಯರಿಗೆ. ಅವರು ಆಗತಾನೆ ನಿವೃತ್ತರಾಗಿದ್ದ ಪೋಸ್ಟ್‌ಮಾಸ್ತರರು. ಅವರ ಮಗಳು ವತ್ಸಲೆಯನ್ನು ನನಗೆ ಕೊಡುವ ಮಾತು ಹುಬ್ಬಳ್ಳಿಯ ನನ್ನ ಸೋದರಮಾವನ ಮೂಲಕ ನಡೆದಿತ್ತು. ನಾನು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆ. ನೋಡಿ ಬಂದ ಮೇಲೆ ಎರಡು ದಿನ ಲೋಕಲ್ಲಿನಲ್ಲಿ ನಾನು ಇಳಿಯಬೇಕಾದ ಸ್ಟೇಷನ್ನು ದಾಟಿ ಮುಂದೆ ಹೋಗಿದ್ದೆನೆಂದರೆ ಉಳಿದದ್ದನ್ನು ನೀವೇ ತಿಳಿದುಕೊಳ್ಳಬಹುದು. ಆದರೆ ರಾಯರು ಮಾವನಿಗೆ ಬರೆದ ಪತ್ರದಲ್ಲಿ ಒಂದೇ ಸಾಲಿತ್ತು: 'ಹುಡುಗ ಖಾಯಂ ಆಗಿದ್ದಾನೆಯೇ? ಆಗಿದ್ದರೆ ವೈಶಾಖದಲ್ಲಿ ಮದುವೆ; ಇಲ್ಲವಾದರೆ ಕಲಘಟಗಿಯಲ್ಲಿ ಒಬ್ಬ ಖಾಯಂ ಮಾಸ್ತರನಿದ್ದಾನೆ.'

ಆ ಮಾಸ್ತರನನ್ನು ನಾನು ಕಂಡವನಲ್ಲ. ಆದರೂ ಅವನ ಮೇಲೆ ನನಗೆ ಹೊಟ್ಟೆಯುರಿ ಹತ್ತಿಕೊಂಡಿತು. ಅವನಲ್ಲಿದ್ದು ನನ್ನಲ್ಲಿಲ್ಲದ ಈ ಪರ್ಮನೆಂಟ್ ಎಂಬುದು ನಿಜಕ್ಕೂ ಏನು ಎಂದು ಡಿಕ್ಷನರಿ ತೆಗೆದೆ. ಸದಾಕಾಲ ಇರುವುದು, ಬದಲಾಗದ್ದು ಎಂದಿತ್ತು. ನನಗೆ ಸೋಜಿಗವೆನಿಸಿತು. ನಮ್ಮ ಹಿರಿಯರು ಶಾಶ್ವತ ಎಂಬ ಮಾತನ್ನು ಎಷ್ಟು ಜೋಪಾನವಾಗಿ ಬಳಸುತ್ತಿದ್ದರು! ಒಂದು ತುಂಡು ಗದ್ದೆ ದಾನ ಕೊಡುವ ರಾಜ ಕೂಡ ಶಾಸನದಲ್ಲಿ ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುತ್ತಿದ್ದ. ಇಂಗ್ಲಿಷರು ಹಾಗಲ್ಲ. ಇಟರ್ನಲ್ ಎಂಬುದನ್ನು ದೇವರಿಗೂ ಎವರ್‌ಲಾಸ್ಟಿಂಗ್ ಎಂಬುದನ್ನು ಗೋರಿಕಲ್ಲಿಗೂ ಪರ್ಪೆಚುವಲ್ ಎಂಬುದನ್ನು ಕೋರ್ಟು ಕಚೇರಿಗೂ ಹಂಚಿಕೊಟ್ಟು, ಮಿಕ್ಕ ಪರ್ಮನೆಂಟನ್ನು ಗುಮಾಸ್ತರ ಕಡೆಗೆ ಎಸೆದುಬಿಟ್ಟರು. ಐವತ್ತೈದಕ್ಕೆ ಮನೆಗೆ ಕಳಿಸುವ ನೌಕರಿಗೆ ಸೂರ್ಯಚಂದ್ರರ ಮರ್ಯಾದೆ!

ಅಂದಿನಿಂದ ಕಣ್ಣು ಹೋದಲ್ಲೆಲ್ಲ ಇದೇ ಶಬ್ದ ಕಾಣತೊಡಗಿತು. ನನ್ನ ಮೇಜಿನ ಮೇಲಿದ್ದ ಮಸಿಬಾಟಲಿಯ ಮೇಲೆ 'ಪರ್ಮನೆಂಟ್' ಎಂದಿತ್ತು. ಆ ಮಸಿ ನನ್ನ ಅಂಗಿಯ ಕಿಸೆಗೆ ಸೋರಿದಾಗ ಧೋಬಿ ಅದನ್ನು ಎರಡೇ ಒಗೆತದಲ್ಲಿ ತೆಗೆದುಕೊಟ್ಟ. ಅದೇ ಅಂಗಿಯ ಮೇಲೆ ಬಿದ್ದಿದ್ದ ಸಾಂಬಾರಿನ ಅರಿಸಿನದ ಕಲೆ ಮಾತ್ರ ಇವತ್ತಿಗೂ ಹಾಗೇ ಇದೆ, ಅದರ ಮೇಲೆ ಯಾರೂ ಯಾವ ಶಬ್ದವನ್ನೂ ಅಚ್ಚು ಹಾಕಿರಲಿಲ್ಲ. ನಮ್ಮ ಕಚೇರಿಯ ಪಾರ್ಸಿ ಟೈಪಿಸ್ಟ್ ಬಾಯಿಯವರು ಒಂದು ಸೋಮವಾರ ಕೂದಲನ್ನು ಅಲೆ ಅಲೆಯಾಗಿ ಸುರುಳಿ ಮಾಡಿಸಿಕೊಂಡು ಬಂದರು. ಅದರ ಹೆಸರೂ ಪರ್ಮನೆಂಟಂತೆ. ಎಷ್ಟು ದಿನ ಇರುತ್ತದೆ ಎಂದು ನಾನು ಕುತೂಹಲದಿಂದಲೇ ಕೇಳಿದೆ. "ಆರು ತಿಂಗಳು, ಮಳೆಗೆ ಸಿಗದಿದ್ದರೆ" ಎಂದರು. ಬೈಖಲಾದ ಹತ್ತಿರ ಹಳಿಯ ಪಕ್ಕದ ಒಂದು ಶೆಡ್ಡಿನ ಮೇಲೆ 'ಪರ್ಮನೆಂಟ್ ವೇ' ಎಂಬ ಬೋರ್ಡಿತ್ತು. ರೈಲಿನವರು ತಮ್ಮ ಹಳಿಗೆ ಇಟ್ಟುಕೊಂಡ ಹೆಸರು ಅದು ಎಂದು ವಿಚಾರಿಸಿ ತಿಳಿದುಕೊಂಡೆ. ಆ ಶಾಶ್ವತ ಮಾರ್ಗವನ್ನು ಗ್ಯಾಂಗಿನವರು ವಾರಕ್ಕೊಮ್ಮೆಯಾದರೂ ಕಿತ್ತು ಹಾಕುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ನಮ್ಮ ಕಚೇರಿಯ ಅಂಗಳದಲ್ಲಿ ಯುದ್ಧದ ಕಾಲದಲ್ಲಿ ಆರು ತಿಂಗಳ ಮಟ್ಟಿಗೆಂದು ಕಟ್ಟಿದ ಟೆಂಪರರಿ ತಗಡಿನ ಶೆಡ್ಡಿದೆ. ಅದು ನನ್ನನ್ನೂ ನಿಮ್ಮನ್ನೂ ಕಳಿಸಿಯೇ ಹೋಗುವಂತೆ ಕಾಣುತ್ತದೆ.

ಇಂಥ ಸಂಶೋಧನೆಗಳಲ್ಲಿ ನಾನು ಮುಳುಗಿದ್ದಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ನಾಲ್ಕು ವರ್ಷ ಮೀರಿದ ಟೆಂಪರರಿ ನೌಕರರನ್ನು ಪರ್ಮನೆಂಟ್ ಮಾಡುವ ವಿಚಾರವಿದೆ, ಜೊತೆಗಿಟ್ಟ ಫಾರಮ್ಮು ತುಂಬಿ ಕೊಡುವುದು. ವೈಶಾಖ, ವತ್ಸಲೆ, ಕಲಘಟಗಿಯ ಮಾಸ್ತರ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದರು. ಆರು ಕಾಲಮ್ಮು ಸರಾಗವಾಗಿ ಮುಗಿಯಿತು. ಏಳನೆಯದು ಪರ್ಮನೆಂಟ್ ಅಡ್ರೆಸ್. ಅಲ್ಲಿ ನಿಂತೆ.

ನೋಡಿ, ನನಗೆ ಅಂಥದ್ದೊಂದು ಇರಲೇ ಇಲ್ಲ. ನನ್ನ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ಗದಗ, ರೋಣ, ನವಲಗುಂದ ಎಂದು ಬಾಡಿಗೆ ಮನೆಗಳಲ್ಲೇ ಬಾಳಿ ತೀರಿಕೊಂಡವರು. ತಾಯಿ ಹುಬ್ಬಳ್ಳಿಯಲ್ಲಿ ತನ್ನ ತಮ್ಮನ, ಅಂದರೆ ಆ ಸೋದರಮಾವನ ಮನೆಯಲ್ಲಿದ್ದಳು. ಮುಂಬಯಿಯಲ್ಲಿ ನಾನು ಮೊದಲು ಜೋಗೇಶ್ವರಿಯಲ್ಲಿ ಕಬ್ಬಿಣದ ಕಾರ್ಖಾನೆಯೊಂದರ ಹಿಂದೆ ಗೆಳೆಯನ ಜೊತೆ ಇದ್ದೆ. ಆಮೇಲೆ ಗ್ರಾಂಟ್ ರೋಡಿನ ಚಾಳಿನಲ್ಲಿ ನಾಲ್ವರ ಜೊತೆ ಒಂದು ಖೋಲಿ. ಆ ಖೋಲಿ ಯಾರ ಹೆಸರಿನಲ್ಲಿತ್ತೋ ಆ ಪುಣ್ಯಾತ್ಮನನ್ನು ನಾವ್ಯಾರೂ ಕಂಡಿರಲಿಲ್ಲ. ಪಕ್ಕದ ಮೇಜಿನವರೆಲ್ಲ ಊರ ಹೆಸರು, ತಾಲೂಕು, ಜಿಲ್ಲೆ ಎಂದು ಬರೆದು ಮುಗಿಸಿದರು. ನಾನು ಅರ್ಧ ಗಂಟೆ ಯೋಚಿಸಿ, ಸದಾಕಾಲ ಇರುವ, ಬದಲಾಗದ ವಿಳಾಸ ನನಗಿಲ್ಲವೆಂದು ನಿರ್ಧರಿಸಿ, ದುಂಡಗಿನ ಅಕ್ಷರದಲ್ಲಿ 'ನಿಲ್' ಎಂದು ಬರೆದೆ.

ಹೆಡ್‌ಕ್ಲಾರ್ಕ್ ಕುಲಕರ್ಣಿಯವರು ಬೆಳಗಾಂವಿಯವರು. ಫಾರಮ್ಮನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿ ನನ್ನನ್ನು ಕರೆದರು.

"ಅರೇ, ಇದೇನ್ರೀ ಪುರೋಹಿತ? ಖಾಯಂ ಪತ್ತಾ ಇಲ್ಲದಾಂವನ್ನ ಖಾಯಂ ಹ್ಯಾಂಗ ಮಾಡೂದು? ನಾಳೆ ನೀವು ಕಪಾಟಿನ ಕೀಲಿ ತಗೊಂಡು ಓಡಿಹೋದ್ರ ಸರಕಾರ ನಿಮ್ಮನ್ನ ಎಲ್ಲಿ ಹುಡುಕಬೇಕು?"

"ಓಡಿಹೋಗಾಂವ ಸೀದಾ ಖಾಯಂ ಪತ್ತಾಕ್ಕ ಯಾಕ ಹೋಗ್ತಾನ್ರೀ, ಸಾಹೇಬ್ರ?"

ನಾನು ಕೇಳಿದ್ದು ಶುದ್ಧ ಜಿಜ್ಞಾಸೆಯಿಂದ. ಅವರು ಅದನ್ನು ಉದ್ಧಟತನವೆಂದು ತಿಳಿದುಕೊಂಡರು. ಎಂಟು ದಿನದಲ್ಲಿ ವಿಳಾಸ ತರದಿದ್ದರೆ ನನ್ನ ಫಾರಮ್ಮು ಬಿಟ್ಟು ಉಳಿದವರದನ್ನು ಕಳಿಸುವುದಾಗಿ ಹೇಳಿ, ಅದನ್ನು ನನ್ನ ಕಡೆಗೆ ತಳ್ಳಿದರು.

ಸಂಜೆ ಮುಖ ಇಳಿಸಿಕೊಂಡು ಊಟಕ್ಕೆ ಹೋದೆ. ನಾನು ದಿನವೂ ಊಟ ತಿಂಡಿ ಮಾಡುತ್ತಿದ್ದದ್ದು ಗ್ರಾಂಟ್ ರೋಡಿನಲ್ಲಿ ವಾಸುದೇವ ಭಟ್ಟರು ನಡೆಸುವ ಉಡುಪಿ ಹೋಟೆಲಿನಲ್ಲಿ. ನನ್ನ ಕಥೆ ಕೇಳಿ ಭಟ್ಟರು ನಕ್ಕರು.

"ಎಂಥ ಮಾರಾಯ್ರೆ, ಇಷ್ಟಕ್ಕೆ ಊಟ ಬಿಡುವುದುಂಟಾ? ನಮ್ಮದೇ ಅಡ್ರೆಸ್ ಹಾಕಿ. ಕೇರ್ ಆಫ್ ವಾಸುದೇವ ಭಟ್. ನಲವತ್ತು ಜನರದ್ದು ಇದೇ ಅಡ್ರೆಸ್ ಉಂಟು."

ದುಡ್ಡಿನ ಗಲ್ಲೆಯ ಹಿಂದಿನ ಗೋಡೆಗೆ ಮರದ ಗೂಡುಗಳ ಒಂದು ಚೌಕಟ್ಟು ಹೊಡೆದಿದ್ದರು. ದಿನವೂ ಕಂಡಿದ್ದರೂ ಅದೇನೆಂದು ನಾನು ಕೇಳಿರಲಿಲ್ಲ. ಖೋಲಿ ಬದಲಾಯಿಸುತ್ತಲೇ ಇರುವ ನಮ್ಮ ಜನ ಊರಿಗೆ ಕೊಡುತ್ತಿದ್ದದ್ದು ಹೋಟೆಲಿನ ವಿಳಾಸ; ಪತ್ರಗಳು ಬಂದು ಕೂರುತ್ತಿದ್ದದ್ದು ಆ ಗೂಡುಗಳಲ್ಲಿ. ಭಟ್ಟರು ಅವನ್ನು ಹೆಸರಿನ ಮೇಲೆ ವಿಂಗಡಿಸುತ್ತಿರಲಿಲ್ಲ. ಬೆಳಿಗ್ಗೆ ತಿಂಡಿಗೆ ಬರುವವರು, ಮಧ್ಯಾಹ್ನ ಊಟಕ್ಕೆ ಬರುವವರು, ಭಾನುವಾರ ಮಾತ್ರ ಬರುವವರು, ಹೀಗೆ ಯಾರು ಯಾವಾಗ ಬರುತ್ತಾರೋ ಅದರ ಮೇಲೆ. ನಿಮ್ಮ ಸ್ವಂತ ಪರ್ಮನೆಂಟ್ ಅಡ್ರೆಸ್ಸೂ ಇದೇ ಏನು ಎಂದು ನಾನು ಕುತೂಹಲಕ್ಕೆ ಕೇಳಿದೆ. "ಛೇ ಛೇ, ನಾನು ಇಲ್ಲಿ ಟೆಂಪರರಿ. ಎರಡು ವರ್ಷ ಇದ್ದು ಹೋಗುವ ಅಂತ ಬಂದದ್ದು" ಎಂದರು. ಬಂದು ಮೂವತ್ತೊಂದು ವರ್ಷವಾಗಿತ್ತು.

ಮರುದಿನವೇ ಫಾರಮ್ಮು ಕೊಟ್ಟೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಉತ್ಸಾಹ ತಡೆಯದೆ ಗುರುರಾಯರಿಗೆ ನಾನೇ ನೇರವಾಗಿ ಒಂದು ಕಾರ್ಡು ಬರೆದೆ: ಖಾಯಂ ಆಗುವ ಕಾಗದಪತ್ರ ಹೋಗಿದೆ, ನನ್ನ ಖಾಯಂ ವಿಳಾಸ ಈ ಕೆಳಗಿನಂತೆ, ಕೇರ್ ಆಫ್ ವಾಸುದೇವ ಭಟ್, ಗ್ರಾಂಟ್ ರೋಡ್. ಹೋಟೆಲೆಂಬುದನ್ನು ಬರೆಯಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಕಾರ್ಡಿನಲ್ಲಿ ಜಾಗ ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಹೆಣ್ಣು ಕೊಡುವ ಮೊದಲು ಹುಡುಗನ ಮನೆತನ ನೋಡಿಬರುವುದು ನಮ್ಮ ಕಡೆಯ ಪದ್ಧತಿ. ಮನೆಯ ಬಾವಿ, ಹಿತ್ತಲು, ಅಡಿಗೆಮನೆ, ದೇವರಮನೆ ಎಲ್ಲ ನೋಡಿ, ಹಿರಿಯರೊಡನೆ ನಾಲ್ಕು ಮಾತಾಡಿ, ಆಮೇಲೆ ಹ್ಞೂಂ ಅನ್ನುವುದು. ನನಗೆ ಮನೆಯೇ ಇಲ್ಲದ್ದರಿಂದ ಆ ಶಾಸ್ತ್ರ ತಪ್ಪಿತೆಂದು ನಾನು ನೆಮ್ಮದಿಯಿಂದಿದ್ದೆ. ಹದಿನೈದು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿಗೆಂದು ಭಟ್ಟರ ಹೋಟೆಲಿಗೆ ಕಾಲಿಟ್ಟೆ. ನಾನು ದಿನವೂ ಕೂರುವ ಮೇಜಿನ ಪಕ್ಕದಲ್ಲಿ ಕರಿ ಟೋಪಿ, ಕ್ಲೋಸ್ ಕೋಟು ತೊಟ್ಟು, ಹಾಸಿಗೆ ಸುರುಳಿಯ ಮೇಲೆ ಕೈಯೂರಿಕೊಂಡು ಗುರುರಾಯರು ಕೂತಿದ್ದರು.

ಆಗಲೇ ನಡೆದಿದ್ದ ಸಂಗತಿಯನ್ನು ಭಟ್ಟರು ಆಮೇಲೆ ನನಗೆ ಹೇಳಿದರು. ರಾಯರು ಬಂದವರೇ, "ವಾಸುದೇವ ಭಟ್ಟರು ನೀವ ಏನ್ರಿ? ನಾ ಮನಿ ನೋಡ್ಲಿಕ್ಕೆ ಬಂದೀನ್ರಿ" ಎಂದರಂತೆ. ಭಾನುವಾರದ ಗದ್ದಲದಲ್ಲಿ ಭಟ್ಟರು ಅವರನ್ನು ಹೋಟೆಲು ತಪಾಸಣೆಗೆ ಬಂದ ಮುನ್ಸಿಪಾಲಿಟಿಯವರೆಂದು ತಿಳಿದು, ನೇರ ಒಳಗೆ ಕರೆದುಕೊಂಡು ಹೋಗಿ ನಲ್ಲಿ, ರುಬ್ಬುವ ಕಲ್ಲು, ಉಗ್ರಾಣ, ದೇವರ ಪಟ ಎಲ್ಲ ತೋರಿಸಿದರಂತೆ. ರಾಯರೂ ಗಂಭೀರವಾಗಿ ಎಲ್ಲ ನೋಡಿ, ಅಡಿಗೆಮನೆ ಚೊಕ್ಕಟವಾಗಿದೆ ಎಂದರಂತೆ.

ನನ್ನನ್ನು ಕಂಡು ರಾಯರು ನಿಧಾನವಾಗಿ ಕೇಳಿದರು: "ಮನ್ಯಾಗ ಮಂದಿ ಭಾಳ ಇದ್ದಾರಲ್ರೀ?"

ಎದುರಿಗೆ ಮಸಾಲೆ ದೋಸೆ ತಿನ್ನುತ್ತಿದ್ದ ನಾಲ್ವರು ನನ್ನನ್ನೇ ನೋಡುತ್ತಿದ್ದರು. ವತ್ಸಲೆ ಕೈತಪ್ಪಿದಳು, ಕಲಘಟಗಿಗೆ ಹೋದಳು ಎಂದು ಅಲ್ಲೇ ತೀರ್ಮಾನಿಸಿಕೊಂಡು ಕುರ್ಚಿಯಲ್ಲಿ ಕೂತೆ. ರಾಯರು ಸಿಟ್ಟಾಗಿದ್ದರೆ ಸುಲಭವಿತ್ತು. ಅವರು ಸಿಟ್ಟಾಗಲಿಲ್ಲ, ಮೂರು ದಿನ ಇದ್ದು ಹೋಗುತ್ತೇನೆಂದರು. ಭಟ್ಟರು ಹೋಟೆಲಿನ ಮೇಲಿನ ಕೋಣೆಯಲ್ಲಿ ಅವರಿಗೆ ಇಳಿಯುವ ವ್ಯವಸ್ಥೆ ಮಾಡಿದರು. ನಾನು ಸೋಮವಾರ ಕಚೇರಿಗೆ ಹೋದೆ. ಫೈಲುಗಳಲ್ಲಿ ಏನು ಬರೆದೆನೋ ದೇವರಿಗೇ ಗೊತ್ತು. ಸಂಜೆ ಬಂದು ನೋಡುತ್ತೇನೆ, ರಾಯರು ಕೋಟು ಬಿಚ್ಚಿಟ್ಟು, ಅಂಗಿಯ ತೋಳು ಮಡಚಿ, ಗಲ್ಲೆಯ ಹಿಂದಿನ ಗೂಡುಗಳ ಮುಂದೆ ನಿಂತಿದ್ದಾರೆ! ಮೂವತ್ತು ವರ್ಷ ಟಪಾಲು ವಿಂಗಡಿಸಿದ ಕೈಗಳು ಆ ಗೂಡುಗಳನ್ನು ಕಂಡ ಮೇಲೆ ಸುಮ್ಮನಿರಲಾರದೆ ಹೋಗಿದ್ದವು. ಭಟ್ಟರ ವಿಂಗಡಣೆ ಕೇಳಿ ಮೊದಲು ಅವರಿಗೆ ತಲೆ ಕೆಟ್ಟಿತಂತೆ. ಒಂದು ಮಧ್ಯಾಹ್ನ ಊಟದ ಹೊತ್ತು ಕೂತು ನೋಡಿದ ಮೇಲೆ, ಒಂದು ಕಾಗದವೂ ತಪ್ಪು ಕೈಗೆ ಹೋಗದ್ದನ್ನು ಕಂಡು ಬೆರಗಾದರಂತೆ.

"ಇಲ್ಲೊಂದು ಪಾಕೀಟು ಇತ್ತು ನೋಡ್ರಿ" ಎಂದು ನನಗೇ ಉತ್ಸಾಹದಿಂದ ಹೇಳಿದರು. "ಆ ಮನಷ್ಯಾ ಎರಡು ವರ್ಷದ ಹಿಂದನ ಇಲ್ಲಿಂದ ಬಿಟ್ಟು ಹೋಗ್ಯಾನ. ನಮ್ಮ ಇಲಾಖೇದಾಗ ಆಗಿದ್ರ 'ಪತ್ತಾ ಇಲ್ಲ' ಅಂತ ಬರದು ವಾಪಸ್ ಕಳಸ್ತಿದ್ವಿ. ಭಟ್ಟರು, ಅಂವಾ ಜೋಗೇಶ್ವರಿಯಾಗ ಇದ್ದಾನ ಅಂತ ಹೇಳಿ, ಆ ಕಡೆ ಹೋಗೂ ಒಬ್ಬ ಗಿರಾಕಿ ಕೈಯಾಗ ಕೊಟ್ಟು ಕಳಿಸಿದ್ರು. ಏನು ಹೇಳ್ತೀರಿ ಇದಕ್ಕ?"

ಅವರು ಗೂಡುಗಳ ಬಗ್ಗೆ ಮಾತಾಡುತ್ತಲೇ ಇದ್ದರು, ನನ್ನ ವಿಷಯ ಎತ್ತಲೇ ಇಲ್ಲ. ಮಂಗಳವಾರ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಕಾಫಿಯ ಲೋಟ ಮುಂದಿಟ್ಟುಕೊಂಡು ಎಲ್ಲ ಒಪ್ಪಿಕೊಂಡೆ: ನಾನಿನ್ನೂ ಟೆಂಪರರಿ, ಆರ್ಡರು ಯಾವಾಗ ಬರುತ್ತದೋ ಗೊತ್ತಿಲ್ಲ, ಈ ವಿಳಾಸ ನನ್ನದಲ್ಲ, ನನ್ನದೆಂಬ ವಿಳಾಸವೇ ನನಗಿಲ್ಲ.

"ಗೊತ್ತದ" ಎಂದರು ರಾಯರು. "ಪತ್ರ ಮುಟ್ಟೋ ಜಾಗಾಕ್ಕ ಪತ್ತಾ ಅಂತಾರ. ನಿಮಗ ಇಲ್ಲಿ ಮುಟ್ಟತದ. ಅದರ ಬಗ್ಗೆ ನನ್ನ ತಕರಾರಿಲ್ಲ. ಇನ್ನೊಂದು ಮಾತು ಕೇಳಬೇಕಾಗಿತ್ತು. ನಿಮಗ ಬದಲಿ ಆಗತದೇನು?"

"ಇಲ್ರಿ. ಟೆಂಪರರಿ ಹುದ್ದೆ ಆ ಒಂದು ಆಫೀಸಿಗೇ ಮಂಜೂರಾಗಿರತದ್ರಿ. ಬೇರೆ ಊರಿಗೆ ಕಳಸ್ಲಿಕ್ಕೆ ಬರೂದಿಲ್ಲ. ಬದಲಿ ಆಗಬೇಕಂದ್ರ ಮೊದಲ ಖಾಯಂ ಆಗಬೇಕು."

ರಾಯರು ಬಹಳ ಹೊತ್ತು ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು. "ನಾ ಮೂವತ್ತು ವರ್ಷ ಖಾಯಂ ಇದ್ದೆ. ವತ್ಸಲಾ ಹುಟ್ಟಿದ ಮ್ಯಾಲೇನ ಒಂಬತ್ತು ಊರು ತಿರುಗಿದೆ. ಆಕಿ ಒಂದ ಸಾಲ್ಯಾಗ ಎರಡು ವರ್ಷ ಕೂತಾಕಿ ಅಲ್ಲ. ಒಬ್ಬಾಕಿ ಗೆಳತಿ ಆಗೂದ್ರಾಗ ಟ್ರಂಕು ಕಟ್ಟೂದು. ನಾ ಇಲ್ಲಿಗೆ ಹೊರಡೂ ಮುಂದ ಆಕಿ ಹೇಳಿದ್ಲು, ಅಪ್ಪಾ, ಖಾಯಂ ಇರಲಿ ಬಿಡಲಿ, ಒಂದ ಊರಾಗ ಇರಾಂವ ಏನು ಅಷ್ಟ ಕೇಳ್ಕೊಂಡು ಬಾ ಅಂತ."

"ಒಂದ ಊರಾಗ ಇರ್ತೀನ್ರಿ. ಬದಲಿ ಆಗೂದಿಲ್ಲ" ಎಂದು ನಾನು ಮಾತು ಕೊಟ್ಟೆ. ವೈಶಾಖದಲ್ಲಿ ಮದುವೆಯಾಯಿತು.

ಮುಂಬಯಿಯ ಮುಲುಂಡಿನಲ್ಲಿ ಎರಡು ಕೋಣೆಯ ಮನೆ ಹಿಡಿದೆವು. ವತ್ಸಲೆ ಮೂರು ತಿಂಗಳಲ್ಲಿ ಬಿಲ್ಡಿಂಗಿನ ಆರು ಮನೆಗಳ ಹೆಂಗಸರನ್ನು ಗೆಳತಿಯರನ್ನಾಗಿ ಮಾಡಿಕೊಂಡಳು. ಮೆಟ್ಟಿಲ ಮೇಲೆ ಕೂತು ಅವರಿಗೆ ಧಾರವಾಡದ ಕನ್ನಡ ಕಲಿಸಿ ತಾನು ಮರಾಠಿ ಕಲಿತಳು. ಗ್ಯಾಲರಿಯಲ್ಲಿ ತುಳಸಿಯ ಜೊತೆಗೆ ಒಂದು ಕರಿಬೇವಿನ ಸಸಿ ನೆಟ್ಟಳು. ಅದು ದೊಡ್ಡದಾಗಲು ನಾಲ್ಕು ವರ್ಷ ಬೇಕೆಂದು ಹೇಳುವಾಗ ಅವಳ ಮುಖದಲ್ಲಿ ಎಂಥ ಸಂತೋಷವಿತ್ತು! ನಾನು ಕಳಿಸಿದ ಫಾರಮ್ಮು ಸರಕಾರದ ಹೊಟ್ಟೆಯಲ್ಲಿ ಅರಗುತ್ತಿದೆ ಎಂಬುದನ್ನು ನಾನು ಮರೆತೇಬಿಟ್ಟೆ. ಸರಕಾರ ಮರೆತಿರಲಿಲ್ಲ. ಎರಡು ವರ್ಷವಾದ ಮೇಲೆ, ಈಗ್ಗೆ ಕೆಲವು ದಿನದ ಹಿಂದೆ ಆರ್ಡರು ಬಂತು. ಮೊದಲ ಪ್ಯಾರಾದಲ್ಲಿ ನಾನು ಪರ್ಮನೆಂಟ್ ಆಗಿದ್ದೆ. ಎರಡನೆಯ ಪ್ಯಾರಾದಲ್ಲಿ ಜಳಗಾಂವಿಗೆ ಬದಲಿಯಾಗಿದ್ದೆ.

ಕಚೇರಿಯವರು ಪೇಢೆ ಕೇಳಿದರು. ನಾನು ಪೇಢೆಯ ಬದಲು ಒಂದು ಅರ್ಜಿ ಬರೆದುಕೊಂಡು ಕುಲಕರ್ಣಿಯವರ ಮುಂದಿಟ್ಟೆ, ದಯವಿಟ್ಟು ನನ್ನನ್ನು ಮೊದಲಿನಂತೆ ಟೆಂಪರರಿಯಾಗಿಯೇ ಇರಗೊಡಬೇಕೆಂದು. ಅವರು ಕನ್ನಡಕ ತೆಗೆದಿಟ್ಟರು. "ಇಪ್ಪತ್ತೆರಡು ವರ್ಷದಾಗ ಇಂಥಾ ಅರ್ಜಿ ನೋಡಿಲ್ರಿ ಪುರೋಹಿತ. ಇದಕ್ಕ ಫಾರಮ್ಮೂ ಇಲ್ಲ. ಮನಿಗೆ ಹೋಗಿ ಮಲಕೋರಿ" ಎಂದರು.

ಆರ್ಡರನ್ನು ಕೋಟಿನ ಒಳಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋದೆ. ಮಲಗಲಿಲ್ಲ, ಹೇಳಲೂ ಇಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಹನ್ನೊಂದು ದಿನ ಆ ಕಾಗದವನ್ನು ಹೊತ್ತು ಮುಲುಂಡಿನಿಂದ ಕಚೇರಿಯ ಹತ್ತಿರದ ಬೋರಿಬಂದರ್ ಸ್ಟೇಷನ್ನಿಗೂ ಅಲ್ಲಿಂದ ಮುಲುಂಡಿಗೂ ತಿರುಗಿದೆ. ಅವಳು ಕರಿಬೇವಿಗೆ ನೀರು ಹಾಕುವುದನ್ನು ಕಂಡಾಗೆಲ್ಲ ಕಿಸೆ ಭಾರವಾಗುತ್ತಿತ್ತು. ಮಾತು ತಪ್ಪಿದವನೆನಿಸಿಕೊಳ್ಳುವುದಕ್ಕಿಂತ ಏನೂ ಹೇಳದವನಾಗಿರುವುದು ಮೇಲೆಂದು ನನಗೆ ಅನಿಸಿರಬೇಕು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿನ್ನೆ ಭಾನುವಾರ ಬೆಳಿಗ್ಗೆ ಸಂತೆಯಿಂದ ತರಕಾರಿ ತಂದು ಒಳಗೆ ಬಂದರೆ, ನಡುಕೋಣೆಯಲ್ಲಿ ಟ್ರಂಕು ತೆರೆದಿತ್ತು. ಹಿತ್ತಾಳೆ ಪಾತ್ರೆಗಳು ಹಳೆಯ ಸೀರೆಯಲ್ಲಿ ಸುತ್ತಿ ತಯಾರಾಗಿದ್ದವು. ಕರಿಬೇವಿನ ಸಸಿ ಒಂದು ಡಾಲ್ಡಾ ಡಬ್ಬಿಗೆ ಬಂದಿತ್ತು. ವತ್ಸಲೆ ತಲೆಯೆತ್ತದೆ ಗಂಟು ಕಟ್ಟುತ್ತಿದ್ದಳು.

"ಕೋಟು ಧೋಬಿಗೆ ಹಾಕಬೇಕಂತ ಕಿಸೆ ನೋಡಿದ್ದೆ, ಮೊದಲನೇ ದಿನನ. ಓದಿ ತಿರುಗಿ ಅಲ್ಲೇ ಇಟ್ಟೆ" ಎಂದಳು. "ಅಪ್ಪಗ ಬರದೆ. ಜಳಗಾಂವ ಪೋಸ್ಟ್‌ಮಾಸ್ತರ ಅಪ್ಪನ ಗೆಳೆಯರಂತ. ಸ್ಟೇಷನ್ ಹತ್ರ ಎರಡು ಖೋಲಿ ನೋಡ್ಯಾರ. ನಿಮ್ಮ ಕಾಗದ ನೀವ ಬಾಯಿಬಿಟ್ಟು ಹೇಳ್ತೀರೇನಂತ ದಿನಾ ಊಟಕ್ಕ ಬಡಿಸೂ ಮುಂದ ಮಾರಿ ನೋಡ್ತಿದ್ದೆ."

"ವತ್ಸಲಾ, ಬದಲಿ ಆಗೂದಿಲ್ಲಂತ ನಾ ನಿಮ್ಮ ಅಪ್ಪಗ ಮಾತು ಕೊಟ್ಟಿದ್ದೆ..."

"ಊರು ಬಿಡೂದು ನನಗೇನು ಹೊಸಾದಲ್ರಿ. ಒಂಬತ್ತು ಬಿಟ್ಟೀನಿ, ಇದು ಹತ್ತನೇದು. ಪ್ರತಿ ಸಲ ಅಪ್ಪ ಆರ್ಡರು ಬಂದ ದಿನನ ಮನಿಗೆ ಬಂದು ನಮ್ಮೆಲ್ಲರ್ನ ಕೂಡಿಸಿ ಓದಿ ಹೇಳ್ತಿದ್ದ. ಅಳೂದಿದ್ರ ಎಲ್ಲಾರೂ ಕೂಡಿ ಅಳ್ತಿದ್ವಿ. ಒಬ್ಬಾಕಿನ ಕೂತು ಅಳೂದು ಮಾತ್ರ ನನಗ ಇದ ಮೊದಲ."

ನಾನು ತರಕಾರಿ ಚೀಲ ಹಿಡಿದು ನಿಂತೇ ಇದ್ದೆ. ಹನ್ನೊಂದು ದಿನ ಅವಳಿಗೆ ನೋವಾಗಬಾರದೆಂದು ಕಾಪಾಡಿಕೊಂಡು ಬಂದದ್ದು ಈ ಒಂಟಿ ಅಳುವನ್ನೇ ಏನು ಎಂದು ಯೋಚಿಸಿದೆ. ಕೊನೆಗೆ ಚೀಲ ಕೆಳಗಿಟ್ಟು, ನಾನೇನು ಮಾಡಲಿ ಎಂದು ಕೇಳಿದೆ. ಅವಳು ಹಾಸಿಗೆ ಸುರುಳಿಗೆ ಬಿಗಿಯುತ್ತಿದ್ದ ಹಗ್ಗದ ಒಂದು ತುದಿಯನ್ನು ನನ್ನ ಕಡೆಗೆ ಚಾಚಿದಳು. ಕಟ್ಟುವುದು, ಬಿಗಿಯುವುದು, ಯಾವುದರೊಳಗೆ ಯಾವುದೆಂದು ನಿರ್ಧರಿಸುವುದು ಎಲ್ಲ ಈಗ ಅವಳದೇ. ತುದಿ ಹಿಡಿದು ನಿಲ್ಲುವ ಕೆಲಸ ನನಗೆ ಸಿಕ್ಕಿದೆ, ಸದ್ಯಕ್ಕೆ ಟೆಂಪರರಿಯಾಗಿ.